ಕೇಕು ಹಸಿರಾದ ದಿನ

ಕೇಕು ಕತ್ತರಿಸಿದರೆ ಒಳಗೆಲ್ಲ ಹಸಿರು. ತಿನ್ನುವ ಹಸಿರಲ್ಲ, ಪಾಚಿಯ ಹಸಿರು. ಒಂದೊಂದು ಬ್ಲೂಬೆರ್ರಿಯ ಸುತ್ತಲೂ ಒಂದೊಂದು ಉಂಗುರ. ಹಣ್ಣು ಕೊಳೆತಿತ್ತೇನೋ ಅಂದುಕೊಂಡು ಮೂಸಿ ನೋಡಿದೆ. ವಾಸನೆ ಚೆನ್ನಾಗೇ ಇತ್ತು.

ತಂಗಿ ಬಂದು ಬಗ್ಗಿ ನೋಡಿದಳು. "ಅಕ್ಕಾ, ಸೋಡಾ ಎಷ್ಟು ಹಾಕಿದೆ?"

ಅಳತೆಯ ಚಮಚ ಸಿಗದೆ ಕಣ್ಣಂದಾಜಿನಲ್ಲಿ ಸುರಿದಿದ್ದೆ. ಹಾಗಂತ ಹೇಳಿದೆ.

"ಅದಕ್ಕೇ ಹೀಗಾಗಿದೆ. ಹಣ್ಣಿಗೇನೂ ಆಗಿಲ್ಲ, ಬಣ್ಣ ತಿರುಗಿದೆ ಅಷ್ಟೇ." ಪಾತ್ರೆಯ ತಳಕ್ಕೆ ಅಂಟಿಕೊಂಡಿದ್ದ ಹಿಟ್ಟಿಗೆ ಒಂದು ಹಣ್ಣು ಜಜ್ಜಿ ಹಾಕಿದಳು. ನೋಡನೋಡುತ್ತ ಅದೂ ಹಸಿರಾಯಿತು. ಆಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದಳು. ಬುಸ್ ಅಂತ ನೊರೆ ಬಂತು. ನೊರೆ ಇಳಿದ ಮೇಲೆ ನೋಡಿದರೆ ಅದೇ ಜಾಗ ಗುಲಾಬಿ.

ಆ ಕೇಕಿನ ಹಿಂದೆ ಯಾರ ಹುಟ್ಟುಹಬ್ಬವೂ ಇರಲಿಲ್ಲ, ನನ್ನ ರಕ್ತಪರೀಕ್ಷೆಯ ರಿಪೋರ್ಟ್ ಇತ್ತು. ಎರಡು ವಾರದ ಹಿಂದೆ ಬಂದಿದ್ದ ಅದರಲ್ಲಿ ಬರಿಹೊಟ್ಟೆಯ ಸಕ್ಕರೆ 108, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 5.9. "ಇನ್ನೂ ಶುಗರ್ ಅಲ್ಲ, ಆದರೆ ಬಾಗಿಲ ಹತ್ತಿರ ನಿಂತಿದ್ದೀರಿ" ಅಂದಿದ್ದರು ಡಾಕ್ಟರು. ಬೆರ್ರಿ ಹಣ್ಣು ತಿಂದರೆ ಶುಗರ್ ಇಳಿಯುತ್ತೆ ಅಂತ ಯಾರೋ ಹೇಳಿದ್ದರು. ನಾನು ಆ ಹಣ್ಣನ್ನು ಒಂದೂವರೆ ಕಪ್ ಸಕ್ಕರೆ ಹಾಕಿದ ಕೇಕಿಗೆ ಸೇರಿಸಿ, ಔಷಧಿ ಮಾಡಿಕೊಂಡೆ ಅಂತ ಸಮಾಧಾನಪಟ್ಟಿದ್ದೆ. ನಗಬೇಡಿ. ಹೆದರಿದಾಗ ಬುದ್ಧಿ ಹೀಗೇ ಓಡುತ್ತೆ.

ಆದರೆ ಆ ಹಸಿರು ಉಂಗುರ ತಲೆಯಿಂದ ಹೋಗಲಿಲ್ಲ. ಒಂದು ಚಿಟಿಕೆ ಸೋಡಾಕ್ಕೆ ಇಷ್ಟೊಂದು ಬದಲಾಗುವ ವಸ್ತು ನನ್ನ ಹೊಟ್ಟೆಯೊಳಗೆ ಏನಾಗುತ್ತೆ? ಹೊಟ್ಟೆಯಲ್ಲಿ ಹುಳಿ, ಅದರಿಂದ ಕೆಳಗಿಳಿದರೆ ಆ ಹುಳಿಯನ್ನು ಕೊಲ್ಲುವ ಕ್ಷಾರ. ನಮ್ಮ ಅಡುಗೆಮನೆಯ ಪ್ರಯೋಗವೇ ತಾನೇ ಅದು, ಉಲ್ಟಾ ಕ್ರಮದಲ್ಲಿ?

ಬಣ್ಣದ ಹೆಸರು ಆಂಥೋಸಯನಿನ್. ಪಾಲಿಫಿನಾಲ್ ಅನ್ನುವ ದೊಡ್ಡ ಕುಟುಂಬದ ಒಂದು ಕವಲು. ಈ ಕುಟುಂಬದಲ್ಲಿ ಸಾವಿರಾರು ಸದಸ್ಯರಿದ್ದಾರೆ. ಗಿಡ ಇವನ್ನು ಮಾಡಿಕೊಳ್ಳುವುದು ತನ್ನ ಕೆಲಸಕ್ಕೆ: ಬಿಸಿಲಿನ ಹೊಡೆತ ತಡೆಯಲು, ಶಿಲೀಂಧ್ರ ಓಡಿಸಲು, ಹಣ್ಣಾಗಿದೆ ಬಾ ಅಂತ ಹಕ್ಕಿಯನ್ನು ಕರೆಯಲು. ನಮ್ಮ ಸಕ್ಕರೆ ಕಾಯಿಲೆ ಅದರ ಲೆಕ್ಕದಲ್ಲೇ ಇಲ್ಲ. ಅಂಗಡಿಯ ಬ್ಲೂಬೆರ್ರಿಯನ್ನು ಕಚ್ಚಿ ನೋಡಿ, ಒಳಗಿನ ತಿರುಳು ಪೇಲವ. ಬಣ್ಣವೆಲ್ಲ ಸಿಪ್ಪೆಯಲ್ಲೇ. ಅದರ ಯೂರೋಪಿನ ದಾಯಾದಿ ಬಿಲ್‌ಬೆರ್ರಿ ಹಾಗಲ್ಲ, ತಿರುಳಿನವರೆಗೂ ನೇರಳೆ. ತಿಂದವರ ನಾಲಿಗೆಯೇ ಸಾಕ್ಷಿ.

ರಿಚರ್ಡ್ ವಿಲ್‌ಸ್ಟೇಟರ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ 1913ರ ಸುಮಾರಿಗೆ ನೀಲಿ ಕಾರ್ನ್‌ಫ್ಲವರ್ ಹೂವಿನಿಂದ ಬಣ್ಣ ಬೇರ್ಪಡಿಸಿದ. ಆಮೇಲೆ ಕೆಂಪು ಗುಲಾಬಿಯ ಬಣ್ಣ ತೆಗೆದು ನೋಡಿದರೆ ಎರಡೂ ಒಂದೇ ವಸ್ತು. ಒಂದೇ ವಸ್ತು ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು. ಹೂವಿನ ರಸದಲ್ಲಿ ಹುಳಿ ಹೆಚ್ಚೋ ಕಡಿಮೆಯೋ ಅನ್ನುವುದರ ಮೇಲೆ ಬಣ್ಣ ತಿರುಗುತ್ತೆ ಅಂತ ಅವನು ವಿವರಿಸಿದ. ಗಿಡಗಳ ಬಣ್ಣದ ಮೇಲಿನ ಕೆಲಸಕ್ಕೆ 1915ರಲ್ಲಿ ನೊಬೆಲ್ ಬಂತು. ತಮಾಷೆಯೆಂದರೆ, ಆ ಹೂವಿನ ಮಟ್ಟಿಗೆ ವಿವರಣೆ ತಪ್ಪಾಗಿತ್ತು. ಅದು ನೀಲಿಯಾಗಿರುವುದು ಬಣ್ಣದ ಕಣಗಳು ಕಬ್ಬಿಣ, ಮೆಗ್ನೀಸಿಯಂನಂಥ ಲೋಹಗಳ ಜೊತೆ ಹೆಣೆದುಕೊಂಡಿರುವುದರಿಂದ. ಆ ಹೆಣಿಗೆಯ ಪೂರ್ತಿ ಚಿತ್ರ ಸಿಕ್ಕಿದ್ದು 2005ರಲ್ಲಿ. ಕಂಡದ್ದು ಸರಿ, ಕಾರಣ ಬೇರೆ.

ಬೆರ್ರಿ ಮತ್ತು ಆರೋಗ್ಯದ ಕಥೆಯೂ ಹೀಗೇ ನಡೆದುಬಂದಿದೆ ಅನ್ನುವುದು ಓದುತ್ತ ಹೋದಂತೆ ಗೊತ್ತಾಯಿತು.

ಆಂಟಿಆಕ್ಸಿಡೆಂಟ್ ಅನ್ನುವ ಪದ ಕೇಳದವರಿಲ್ಲ. ದೇಹದೊಳಗೆ ಪುಂಡ ಕಣಗಳು ಓಡಾಡಿ ಎಲ್ಲವನ್ನೂ ಹಾಳುಮಾಡುತ್ತವೆ, ಬೆರ್ರಿಯ ಪಾಲಿಫಿನಾಲ್ ಹೋಗಿ ಅವನ್ನು ಹಿಡಿದುಹಾಕುತ್ತದೆ: ಪೊಲೀಸ್ ಕಥೆಯ ಹಾಗೆ ಸಲೀಸು. ಯಾವ ಹಣ್ಣಿನಲ್ಲಿ ಎಷ್ಟು ಪೊಲೀಸರಿದ್ದಾರೆ ಅಂತ ಅಳೆಯಲು ಒಂದು ಅಂಕವೂ ಬಂತು. ಅದರ ಹೆಸರು ಓರಾಕ್. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ ಪಟ್ಟಿಯನ್ನೇ ಪ್ರಕಟಿಸಿತ್ತು. ಬೆರ್ರಿ ಪುಡಿ ಮಾರುವವರು ಆ ಅಂಕವನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಹಾಕಿಕೊಂಡರು. 2012ರಲ್ಲಿ ಅದೇ ಇಲಾಖೆ ಪಟ್ಟಿಯನ್ನು ತೆಗೆದುಹಾಕಿತು. ಗಾಜಿನ ನಳಿಕೆಯಲ್ಲಿ ಅಳೆದ ಆ ಅಂಕಕ್ಕೂ ಮನುಷ್ಯನ ದೇಹದಲ್ಲಿ ನಡೆಯುವುದಕ್ಕೂ ಸಂಬಂಧ ಕಾಣುವುದಿಲ್ಲ, ಅದನ್ನು ಮಾರಾಟಕ್ಕೆ ದುರುಪಯೋಗ ಮಾಡುತ್ತಿದ್ದಾರೆ ಅನ್ನುವುದು ಅವರ ಕಾರಣ. ಆದರೂ ಆ ಪದ ಇವತ್ತಿಗೂ ಡಬ್ಬಿಗಳ ಮೇಲಿದೆ. ಒಳ್ಳೆಯ ಕಥೆ ಸುಲಭಕ್ಕೆ ಸಾಯೋದಿಲ್ಲ, ಅಲ್ವಾ?

ಸರಿ, ಹಾಗಾದರೆ ದೇಹದಲ್ಲಿ ಏನು ನಡೆಯುತ್ತೆ?

ಇದಕ್ಕೆ ಉತ್ತರ ಹುಡುಕಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. 2013ರಲ್ಲಿ ಪ್ರಕಟವಾದದ್ದು. ಆಂಥೋಸಯನಿನ್‌ನ ಕೆಲವು ಇಂಗಾಲದ ಪರಮಾಣುಗಳ ಬದಲು, ಗುರುತು ಹಿಡಿಯಬಹುದಾದ ಸ್ವಲ್ಪ ಭಾರದ ಇಂಗಾಲ ಸೇರಿಸಿದರು. ದನಕ್ಕೆ ಬರೆ ಹಾಕಿ ಗುರುತು ಮಾಡಿದ ಹಾಗೆ. ಅಂಥ 500 ಮಿಲಿಗ್ರಾಂ ಬಣ್ಣವನ್ನು 8 ಮಂದಿ ಗಂಡಸರಿಗೆ ನುಂಗಿಸಿ, ಎರಡು ದಿನ ಅವರ ರಕ್ತ, ಮೂತ್ರ, ಮಲ, ಕೊನೆಗೆ ಉಸಿರನ್ನೂ ಹಿಡಿದಿಟ್ಟುಕೊಂಡು ಹುಡುಕಿದರು. ಉಸಿರಿನಲ್ಲೂ ಸಿಕ್ಕಿತು! ಹಣ್ಣಿನ ಬಣ್ಣ ಒಡೆದು ಒಡೆದು ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಆಚೆ ಬಂದಿತ್ತು. ಮೂತ್ರದ್ದು, ಉಸಿರಿನದ್ದು ಸೇರಿಸಿದರೆ ಒಟ್ಟು ಶೇ. 12ರಷ್ಟು. ಅಂದರೆ ಕಡಿಮೆಯೆಂದರೂ ಅಷ್ಟು ಒಳಗೆ ಸೇರಿತ್ತು ಅಂತ ಅರ್ಥ. ಅದಕ್ಕೂ ಮುಂಚೆ ಇದು ಶೇ. 1 ಕೂಡ ಒಳಗೆ ಸೇರುವುದಿಲ್ಲ ಅನ್ನುವುದೇ ಮಾತಾಗಿತ್ತು. ಬಣ್ಣದ ರೂಪದಲ್ಲೇ ಹುಡುಕುತ್ತಿದ್ದರಿಂದ ಸಿಕ್ಕಿರಲಿಲ್ಲ. ಅದಾಗಲೇ ವೇಷ ಬದಲಿಸಿತ್ತು.

ಆ ವೇಷ ಬದಲಿಸುವ ಕೆಲಸದ ದೊಡ್ಡ ಪಾಲು ನಡೆಯುವುದು ದೊಡ್ಡ ಕರುಳಿನಲ್ಲಿ. ಅಲ್ಲಿನ ಬ್ಯಾಕ್ಟೀರಿಯಾಗಳು ಇವನ್ನು ಕಡಿದು ತುಂಡು ಮಾಡುತ್ತವೆ. ರಕ್ತಕ್ಕೆ ಸೇರುವುದು ಹೆಚ್ಚಾಗಿ ಆ ತುಂಡುಗಳೇ. ಸ್ಟ್ರಾಬೆರ್ರಿ, ರಾಸ್ಪ್‌ಬೆರ್ರಿ, ಬ್ಲ್ಯಾಕ್‌ಬೆರ್ರಿಗಳಲ್ಲಿ ಇರುವ ಎಲ್ಲಾಜಿಟ್ಯಾನಿನ್ ಅನ್ನುವ ಇನ್ನೊಂದು ಪಾಲಿಫಿನಾಲ್ ಕಥೆ ಇನ್ನೂ ಮಜವಾಗಿದೆ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಯುರೊಲಿಥಿನ್ ಅನ್ನುವ ಬೇರೆ ವಸ್ತುವಾಗಿ ಮಾರ್ಪಡಿಸುತ್ತವೆ. ಆದರೆ ಎಲ್ಲರ ಕರುಳಿನಲ್ಲೂ ಅಲ್ಲ. ಕೆಲವರಲ್ಲಿ ಒಂದು ಬಗೆಯದು ಬರುತ್ತೆ, ಕೆಲವರಲ್ಲಿ ಇನ್ನೊಂದು ಬಗೆಯದು, ಕೆಲವರಲ್ಲಿ ಏನೂ ಇಲ್ಲ. ಒಂದೇ ಬಟ್ಟಲಿನಿಂದ ಇಬ್ಬರು ತಿಂದರೂ ಇಬ್ಬರು ತಿಂದದ್ದು ಬೇರೆ ಬೇರೆ. ನನ್ನ ಕರುಳು ಯಾವ ಪಂಗಡದ್ದು ಅಂತ ನೋಡಿಕೊಳ್ಳಲು ಹೋಗಿಲ್ಲ. ಗೊತ್ತಾಗಿ ಮಾಡುವುದಾದರೂ ಏನು?

ಒಳಗೆ ಸೇರುವ ಮುಂಚೆಯೂ ಹಣ್ಣು ಒಂದು ಕೆಲಸ ಮಾಡುತ್ತೆ. ಹಿಟ್ಟು, ಸಕ್ಕರೆಗಳನ್ನು ಕರುಳಿನಲ್ಲಿ ಕತ್ತರಿಸುವ ಕಿಣ್ವಗಳಿಗೆ ಇದು ಅಡ್ಡಗಾಲು ಹಾಕುತ್ತೆ. ಶುಗರ್ ಇರುವವರಿಗೆ ಕೊಡುವ ಅಕಾರ್ಬೋಸ್ ಮಾತ್ರೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ, ಆದರೆ ಇನ್ನೂ ಜೋರಾಗಿ. ಫಿನ್ಲೆಂಡ್‌ನಲ್ಲಿ 2010ರಲ್ಲಿ 12 ಮಂದಿ ಆರೋಗ್ಯವಂತರಿಗೆ 35 ಗ್ರಾಂ ಸಕ್ಕರೆಯನ್ನು ಒಮ್ಮೆ ಹಾಗೇ ಕೊಟ್ಟರು, ಇನ್ನೊಮ್ಮೆ 150 ಗ್ರಾಂ ಅರೆದ ಬೆರ್ರಿಗಳ ಜೊತೆ ಕೊಟ್ಟರು. ಬೆರ್ರಿ ಜೊತೆ ತಿಂದಾಗ ಮೊದಲ ಅರ್ಧ ಗಂಟೆ ರಕ್ತದ ಸಕ್ಕರೆ ಕಡಿಮೆ ಏರಿತು. ಬೆಟ್ಟ ಹೋಗಿ ದಿಬ್ಬವಾಯಿತು ಅನ್ನಬಹುದು. ನನ್ನ ಕೇಕಿಗೆ ಇದರಿಂದ ಬೆಂಬಲ ಸಿಕ್ಕಿತು ಅಂತ ಒಂದು ಕ್ಷಣ ಖುಷಿಯಾದೆ. ಆದರೆ ಸಕ್ಕರೆ ಮಾಯವಾಗಿರಲಿಲ್ಲ. ನಿಧಾನವಾಗಿ ಬಂದಿತ್ತು ಅಷ್ಟೇ.

ಒಂದು ಊಟದ ಲೆಕ್ಕ ಹೀಗಾಯಿತು. ತಿಂಗಳುಗಟ್ಟಲೆ ತಿಂದರೆ?

ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ದೇಹ ಎಷ್ಟು ಚೆನ್ನಾಗಿ ಕಿವಿಗೊಡುತ್ತದೆ ಅಂತ ನೋಡಲು ಕ್ಲ್ಯಾಂಪ್ ಅನ್ನುವ ಪರೀಕ್ಷೆ ಇದೆ. ಒಂದು ನಳಿಕೆಯಲ್ಲಿ ಇನ್ಸುಲಿನ್ ಒಂದೇ ಸಮನೆ ಒಳಗೆ ಹೋಗುತ್ತಿರುತ್ತೆ. ಇನ್ನೊಂದರಲ್ಲಿ ಗ್ಲೂಕೋಸ್. ರಕ್ತದ ಸಕ್ಕರೆ ಇಳಿಯದಂತೆ, ಏರದಂತೆ ಗ್ಲೂಕೋಸನ್ನು ಹೆಚ್ಚುಕಡಿಮೆ ಮಾಡುತ್ತ ಗಂಟೆಗಟ್ಟಲೆ ಪಕ್ಕದಲ್ಲೇ ಕೂರಬೇಕು. ಜಾಸ್ತಿ ಗ್ಲೂಕೋಸ್ ಬೇಕಾಯಿತು ಅಂದರೆ ದೇಹ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತಿದೆ ಅಂತ. ಅಮೆರಿಕದ ಲೂಸಿಯಾನದ ಪೆನ್ನಿಂಗ್ಟನ್ ಸಂಶೋಧನಾ ಕೇಂದ್ರದವರು 2010ರಲ್ಲಿ ಇದೇ ಪರೀಕ್ಷೆ ಬಳಸಿದರು. ದಪ್ಪಗಿರುವ, ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ, ಆದರೆ ಶುಗರ್ ಬಂದಿರದ 32 ಮಂದಿ. ನನ್ನಂಥವರೇ ಅನ್ನಿ. ಅರ್ಧ ಮಂದಿಗೆ ದಿನಕ್ಕೆ 45 ಗ್ರಾಂ ಒಣಗಿಸಿದ ಬ್ಲೂಬೆರ್ರಿ ಪುಡಿ ಹಾಕಿದ ಸ್ಮೂದಿ. ತಾಜಾ ಹಣ್ಣಿನ ಲೆಕ್ಕದಲ್ಲಿ ಸುಮಾರು ಎರಡು ಕಪ್. ಉಳಿದವರಿಗೆ ಹಣ್ಣಿಲ್ಲದ ಅಂಥದ್ದೇ ಸ್ಮೂದಿ. ಆರು ವಾರದ ನಂತರ ಬ್ಲೂಬೆರ್ರಿ ಗುಂಪಿನಲ್ಲಿ ಶೇ. 67 ಮಂದಿಗೆ ಕನಿಷ್ಠ ಹತ್ತರಲ್ಲಿ ಒಂದು ಪಾಲಿನಷ್ಟು ಸುಧಾರಣೆ ಆಗಿತ್ತು. ಹಣ್ಣಿಲ್ಲದ ಗುಂಪಿನಲ್ಲಿ ಶೇ. 41.

ಮೊದಲ ಅಂಕಿ ನೋಡಿ ಹಿಗ್ಗಿದ್ದೆ. ಎರಡನೇ ಅಂಕಿಯ ಹತ್ತಿರ ಬಂದು ನಿಂತೆ. ಏನೂ ಇಲ್ಲದ ಸ್ಮೂದಿ ಕುಡಿದವರಲ್ಲೂ ನೂರಕ್ಕೆ 41 ಮಂದಿ ಸುಧಾರಿಸಿದ್ದರು! ಪ್ರಯೋಗಕ್ಕೆ ಸೇರಿದ್ದೇವೆ, ಯಾರೋ ನಮ್ಮನ್ನು ನೋಡುತ್ತಿದ್ದಾರೆ ಅನ್ನುವುದೇ ಅರ್ಧ ಔಷಧಿ ಇರಬಹುದು. ಹಣ್ಣನ್ನು ಒಬ್ಬರೇ ತಿಂದು ಒಬ್ಬರೇ ತೀರ್ಪು ಕೊಟ್ಟುಕೊಳ್ಳಬಾರದು ಅನ್ನುವುದು ಇದಕ್ಕೇ.

ಇದಕ್ಕಿಂತ ದೊಡ್ಡ ಪ್ರಯೋಗ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಫಲಿತಾಂಶ ಬಂದದ್ದು 2019ರಲ್ಲಿ. 115 ಮಂದಿ, 50ರಿಂದ 75 ವಯಸ್ಸಿನವರು, ಎಲ್ಲರಿಗೂ ಮೆಟಬಾಲಿಕ್ ಸಿಂಡ್ರೋಮ್. ಅಂದರೆ ದೊಡ್ಡ ಸೊಂಟ, ಏರಿದ ಬಿಪಿ, ಏರಿದ ಸಕ್ಕರೆ, ಏರಿದ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು, ಇಳಿದ ಒಳ್ಳೆಯ ಕೊಲೆಸ್ಟ್ರಾಲ್, ಈ ಐದರಲ್ಲಿ ಯಾವುದಾದರೂ ಮೂರು. ಒಬ್ಬರಿಗೆ ದಿನಕ್ಕೆ ಒಂದು ಕಪ್ ಬ್ಲೂಬೆರ್ರಿಗೆ ಸಮನಾದ ಪುಡಿ, ಇನ್ನೊಬ್ಬರಿಗೆ ಅರ್ಧ ಕಪ್ಪಿನದ್ದು, ಮತ್ತೊಬ್ಬರಿಗೆ ಬರೀ ಬಣ್ಣ, ರುಚಿಯ ಪುಡಿ. ಹೀಗೆ ಆರು ತಿಂಗಳು.

ಅವರು ಕೇಳಿದ ಮುಖ್ಯ ಪ್ರಶ್ನೆ: ಇನ್ಸುಲಿನ್ ಸ್ಪಂದನೆ ಸುಧಾರಿಸುತ್ತದೆಯೇ? ಉತ್ತರ: ಇಲ್ಲ.

ಅಲ್ಲಿಗೇ ಓದು ನಿಲ್ಲಿಸಿದ್ದರೆ ನನ್ನ ಬಟ್ಟಲು ಕಪಾಟಿಗೆ ಹೋಗುತ್ತಿತ್ತು. ಆದರೆ ಅವರು ಇನ್ನೊಂದನ್ನೂ ಅಳೆದಿದ್ದರು. ತೋಳಿಗೆ ಬಿಪಿಯ ಪಟ್ಟಿ ಕಟ್ಟಿ, ಗಾಳಿ ತುಂಬಿ, ರಕ್ತದ ಓಟ ಐದು ನಿಮಿಷ ನಿಲ್ಲಿಸುತ್ತಾರೆ. ಪಟ್ಟಿ ಸಡಿಲಿಸಿದ ಕೂಡಲೇ ರಕ್ತ ನುಗ್ಗಿ ಬರುತ್ತೆ. ಆರೋಗ್ಯವಾಗಿರುವ ರಕ್ತನಾಳ ತಕ್ಷಣ ಹಿಗ್ಗಿ ದಾರಿ ಬಿಡುತ್ತೆ. ಬಿಗಿದುಹೋದ ನಾಳ ಬಿಗಿದೇ ಇರುತ್ತೆ. ಎಷ್ಟು ಹಿಗ್ಗಿತು ಅಂತ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. ಒಂದು ಕಪ್ ಗುಂಪಿನಲ್ಲಿ ಹಿಗ್ಗುವಿಕೆ 1.45 ಶೇಕಡಾ ಅಂಶದಷ್ಟು ಹೆಚ್ಚಿತ್ತು. ನಾಳಗಳ ಬಿಗಿತವೂ ಕಡಿಮೆಯಾಗಿತ್ತು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳದವರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಒಂದಿಷ್ಟು ಏರಿತ್ತು. ಅರ್ಧ ಕಪ್ಪಿನವರಿಗೆ ಇದಾವುದೂ ಆಗಲಿಲ್ಲ. 1.45 ಅಂದರೆ ಅಷ್ಟೇನಾ ಅನ್ನಿಸುತ್ತೆ. ಹೃದಯದ ಕಾಯಿಲೆಯ ಅಪಾಯ ಶೇ. 12ರಿಂದ 15ರಷ್ಟು ತಗ್ಗುವುದಕ್ಕೆ ಇದು ಸಮ ಅಂತ ಅವರ ಅಂದಾಜು. ಅಂದಾಜು ಅನ್ನುವ ಪದವನ್ನು ಮರೆಯಬಾರದು. ಯಾರಿಗೆ ಹೃದಯಾಘಾತ ತಪ್ಪಿತು ಅಂತ ಅವರು ಎಣಿಸಿಲ್ಲ.

ಇದನ್ನು ಓದಿದಾಗ ನನಗೆ ಹೊಳೆದದ್ದೇ ಈ ಬರಹಕ್ಕೆ ಕಾರಣ. ನಾವು ಹಣ್ಣಿಗೆ ಸಕ್ಕರೆಯ ಪ್ರಶ್ನೆ ಕೇಳುತ್ತಿದ್ದೇವೆ. ಅದು ರಕ್ತನಾಳದ ಉತ್ತರ ಕೊಡುತ್ತಿದೆ. ನನ್ನ ಕೈಯಲ್ಲಿದ್ದ ರಿಪೋರ್ಟಿನಲ್ಲಿ ಸಕ್ಕರೆಗೆ ಮೂರು ಸಾಲು ಇತ್ತು. ನಾಳ ಎಷ್ಟು ಹಿಗ್ಗುತ್ತೆ ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ. 2010ರ ಇನ್ನೊಂದು ಪ್ರಯೋಗವೂ ಇದೇ ಮಾತು ಹೇಳುತ್ತೆ: ಮೆಟಬಾಲಿಕ್ ಸಿಂಡ್ರೋಮ್ ಇದ್ದ 48 ಮಂದಿ, ಎಂಟು ವಾರ, ದಿನಕ್ಕೆ 50 ಗ್ರಾಂ ಬ್ಲೂಬೆರ್ರಿ ಪುಡಿ. ಮೇಲಿನ ಬಿಪಿ ಶೇ. 6ರಷ್ಟು ಇಳಿಯಿತು, ಸಕ್ಕರೆ ಅಲ್ಲಾಡಲಿಲ್ಲ.

ಹಾಗಾದರೆ ಬೆರ್ರಿ ತಿನ್ನುವವರಿಗೆ ಶುಗರ್ ಕಡಿಮೆ ಅನ್ನುವ ಮಾತು ಎಲ್ಲಿಂದ ಬಂತು? ಅದೂ ಸುಳ್ಳಲ್ಲ. ಅಮೆರಿಕದ ನರ್ಸ್‌ಗಳು ಮತ್ತು ಆರೋಗ್ಯ ಕ್ಷೇತ್ರದವರ ಮೂರು ದೊಡ್ಡ ಗುಂಪುಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ಒಟ್ಟು 1,87,382 ಮಂದಿ. ವಾರಕ್ಕೆ ಮೂರು ಸಲದಷ್ಟು ಹೆಚ್ಚು ಬ್ಲೂಬೆರ್ರಿ ತಿನ್ನುವವರಲ್ಲಿ ಟೈಪ್ 2 ಡಯಾಬಿಟಿಸ್ ಅಪಾಯ ಶೇ. 26 ಕಡಿಮೆ ಕಂಡಿತು. ಅದೇ ಲೆಕ್ಕದಲ್ಲಿ ಹಣ್ಣಿನ ಜ್ಯೂಸ್ ಕುಡಿಯುವವರಲ್ಲಿ ಶೇ. 8 ಹೆಚ್ಚು. ಆದರೆ ವಾರಕ್ಕೆ ಮೂರು ಸಲ ಬ್ಲೂಬೆರ್ರಿ ತಿನ್ನುವವರು ಬೆಳಿಗ್ಗೆ ವಾಕಿಂಗ್ ಕೂಡ ಹೋಗುತ್ತಾರೆ, ಸಿಗರೇಟು ಸೇದುವುದಿಲ್ಲ, ಡಾಕ್ಟರನ್ನು ನೋಡುತ್ತಿರುತ್ತಾರೆ. ಲೆಕ್ಕದಲ್ಲಿ ಇದನ್ನೆಲ್ಲ ಕಳೆಯಲು ಪ್ರಯತ್ನಪಟ್ಟಿದ್ದಾರೆ. ಪೂರ್ತಿ ಕಳೆಯಲು ಬರುತ್ತಾ? ನನಗೆ ನಂಬಿಕೆಯಿಲ್ಲ. ಅದೇ ಅಧ್ಯಯನದಲ್ಲಿ ಸ್ಟ್ರಾಬೆರ್ರಿಗೆ ಅಂಥ ಫಲ ಕಾಣಲೇ ಇಲ್ಲ. ಆಂಥೋಸಯನಿನ್ ಅದರಲ್ಲೂ ಇದೆ ತಾನೇ.

ಇನ್ನೊಂದು ವಿಷಯ ಹೇಳದೆ ಹೋದರೆ ತಪ್ಪಾಗುತ್ತೆ. ಇಂಗ್ಲೆಂಡಿನ ಆ ಪ್ರಯೋಗಕ್ಕೆ ದುಡ್ಡು ಕೊಟ್ಟವರಲ್ಲಿ ಅಮೆರಿಕದ ಬ್ಲೂಬೆರ್ರಿ ಬೆಳೆಗಾರರ ಮಂಡಳಿಯೂ ಇತ್ತು. ಇದರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ. ಅವರಿಗೆ ಬೇಕಿದ್ದ ಇನ್ಸುಲಿನ್ ಉತ್ತರ ಬರಲಿಲ್ಲ ಅನ್ನುವುದನ್ನು ಅವರು ಮುಚ್ಚಿಡಲಿಲ್ಲವಲ್ಲ. ಆದರೆ ಬ್ಲೂಬೆರ್ರಿ ಬಗ್ಗೆ ಇಷ್ಟೊಂದು ಪ್ರಯೋಗಗಳಿದ್ದು, ಕೇಳುವವರೇ ಇಲ್ಲದ ಎಷ್ಟೋ ಹಣ್ಣುಗಳ ಬಗ್ಗೆ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಬೆನ್ನಿಗೆ ಮಂಡಳಿ ಇರುವ ಹಣ್ಣು ಪತ್ರಿಕೆಗೆ ಬರುತ್ತೆ.

ಇನ್ನು ಯಾವ ರೂಪದಲ್ಲಿ ತಿನ್ನುವುದು ಅನ್ನುವುದು. ಫ್ರೋಜನ್ ಹಣ್ಣು ತಾಜಾ ಹಣ್ಣಿಗೆ ಹೆಚ್ಚುಕಡಿಮೆ ಸಮ, ಚಿಂತೆ ಬೇಡ. ಜ್ಯೂಸ್ ಮಾಡಿದರೆ ಸಿಪ್ಪೆ, ನಾರು ಆಚೆ ಹೋಗುತ್ತೆ, ಬಣ್ಣದ ದೊಡ್ಡ ಪಾಲೂ ಅದರ ಜೊತೆ. ಜಾಮ್ ಕಪಾಟಿನಲ್ಲಿ ಕೂತಷ್ಟೂ ಬಣ್ಣ ಕಳೆದುಕೊಳ್ಳುತ್ತೆ, ಸಕ್ಕರೆ ಮಾತ್ರ ಹಾಗೇ ಉಳಿಯುತ್ತೆ. ಒಣಗಿಸಿದ ಕ್ರ್ಯಾನ್‌ಬೆರ್ರಿ ನನಗೆ ದೊಡ್ಡ ಪೆಟ್ಟು ಕೊಟ್ಟಿತು. ತಾಜಾ ಹಣ್ಣಿನಲ್ಲಿ 100 ಗ್ರಾಂಗೆ 4 ಗ್ರಾಂ ಸಕ್ಕರೆ. ಸಿಹಿ ಸೇರಿಸಿ ಒಣಗಿಸಿದ್ದರಲ್ಲಿ ಸುಮಾರು 70. ಅದನ್ನು ನಾನು ಮುಷ್ಟಿಗಟ್ಟಲೆ ತಿನ್ನುತ್ತಿದ್ದೆ, ಆರೋಗ್ಯ ಅಂದುಕೊಂಡು.

ಬಾಳೆಹಣ್ಣಿನದ್ದು ಇನ್ನೊಂದು ಕಥೆ. ಕತ್ತರಿಸಿಟ್ಟ ಬಾಳೆಹಣ್ಣು ಕಪ್ಪಾಗುತ್ತಲ್ಲ, ಆ ಕೆಲಸ ಮಾಡುವ ಕಿಣ್ವ ಮಿಕ್ಸಿಯಲ್ಲಿ ಜೊತೆಗೆ ಹಾಕಿದ ಹಣ್ಣಿನ ಪಾಲಿಫಿನಾಲ್‌ಗೂ ಕೈಹಾಕುತ್ತೆ. 2023ರ ಒಂದು ಚಿಕ್ಕ ಪ್ರಯೋಗದಲ್ಲಿ ಬಾಳೆಹಣ್ಣಿನ ಸ್ಮೂದಿ ಕುಡಿದವರ ರಕ್ತಕ್ಕೆ ಫ್ಲೇವನಾಲ್ ಅನ್ನುವ ಬಗೆಯ ಪಾಲಿಫಿನಾಲ್ ಶೇ. 84 ಕಡಿಮೆ ಸೇರಿತ್ತು. ಬೆರ್ರಿ ಸ್ಮೂದಿಯಲ್ಲಿ ಆ ತೊಂದರೆ ಇರಲಿಲ್ಲ. ಎರಡನ್ನೂ ಪ್ರೀತಿಸುವವರು ಬೇರೆ ಬೇರೆ ಹೊತ್ತಿನಲ್ಲಿ ಪ್ರೀತಿಸಿದರೆ ಒಳ್ಳೆಯದು.

ನಾನು ಮಾಡಿದ್ದು ಇಷ್ಟೇ. ಸಂಜೆ ನಾಲ್ಕಕ್ಕೆ ಚಹಾ ಜೊತೆ ತಿನ್ನುತ್ತಿದ್ದ ಆರು ಬಿಸ್ಕೆಟ್ ಬಿಟ್ಟೆ. ಆ ಹೊತ್ತಿಗೆ ಒಂದು ಕಪ್ ಫ್ರೋಜನ್ ಬೆರ್ರಿ. ರಾಸ್ಪ್‌ಬೆರ್ರಿ ಆದರೆ 100 ಗ್ರಾಂಗೆ ಆರೂವರೆ ಗ್ರಾಂ ನಾರು ಸಿಗುತ್ತೆ, ಹಸಿವು ರಾತ್ರಿವರೆಗೆ ಸುಮ್ನಿರುತ್ತೆ. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಟ್ಟೆ. 5.9 ಇದ್ದದ್ದು 5.8. ಹಣ್ಣಿನದ್ದೋ, ಬಿಟ್ಟ ಬಿಸ್ಕೆಟಿನದ್ದೋ, ಲ್ಯಾಬಿನ ಯಂತ್ರದ್ದೋ ಹೇಳಲು ಬರುವುದಿಲ್ಲ. ಒಂದು ದಶಾಂಶದ ವ್ಯತ್ಯಾಸ ಒಂದೇ ದಿನ ಎರಡು ಸಲ ಪರೀಕ್ಷೆ ಮಾಡಿಸಿದರೂ ಬರಬಹುದು. ಡಾಕ್ಟರು ರಿಪೋರ್ಟ್ ನೋಡಿ, "ಏನು ಬದಲಾಯಿಸಿದಿರಿ?" ಅಂದರು. ಹಣ್ಣಿನ ಕಥೆಯೆಲ್ಲ ಹೇಳಿದೆ, ತೋಳಿಗೆ ಪಟ್ಟಿ ಕಟ್ಟುವ ಪರೀಕ್ಷೆಯವರೆಗೆ. ತಾಳ್ಮೆಯಿಂದ ಕೇಳಿ, "ನಡೆದಾಡ್ತೀರಾ?" ಎಂದು ಕೇಳಿದರು. ನಾನು ಮಾತು ಬದಲಿಸಿದೆ.

ಈಗಲೂ ನಾಲ್ಕು ಗಂಟೆಗೆ ಬಟ್ಟಲು ತೆಗೆಯುತ್ತೇನೆ. ಮಂಜುಗಟ್ಟಿದ ಹಣ್ಣು ಕರಗುವಾಗ ಸಿಪ್ಪೆ ಒಡೆದು ತಳದಲ್ಲಿ ನೇರಳೆ ರಸ ನಿಲ್ಲುತ್ತೆ. ಬೆರಳಿನಲ್ಲಿ ಅದ್ದಿ ನೆಕ್ಕುತ್ತೇನೆ, ಯಾರೂ ನೋಡದಿದ್ದಾಗ. ಆಮೇಲೆ ಸೋಪು ಹಚ್ಚಿ ಕೈ ತೊಳೆಯುವಾಗ ಬೆರಳ ತುದಿಯ ಕಲೆ ನೀಲಿಗೆ ತಿರುಗುತ್ತೆ, ಇನ್ನೊಂದು ಸಲ ಉಜ್ಜಿದರೆ ಹಸಿರಿನ ಹತ್ತಿರ ಹೋಗುತ್ತೆ. ನಲ್ಲಿ ತಿರುಗಿಸಲು ಮರೆತು ಒಂದು ಗಳಿಗೆ ಹಾಗೇ ನೋಡುತ್ತ ನಿಂತಿರುತ್ತೇನೆ.